ಠೇವಣಿ

ಎಲೆಕ್ಷನ್ ಬಂತು. ಕೋವಿಯನ್ನು
ರಿಪ್ಪನ್‌ಪೇಟೆ ಠಾಣೆಗೆ ಕೊಟ್ಟು ರಸೀದಿ ತಂದೆ.
ಲೈಸೆನ್ಸಿನಲ್ಲಿ ದುರ್ಬೀನಿನ ಮಾತಿಲ್ಲ;
"ಇದು ನಿನ್ನ ಹತ್ರವೇ ಇರ್ಲಿ ಮಾರಾಯ" ಎಂದರು ರೈಟರು.

ಗೇಣುದ್ದ. ಸೊಂಟಕ್ಕೊಂದು ಉಂಗುರ:
ಒಂದರಿಂದ ನಾಲ್ಕರವರೆಗೆ ತಿರುಗುತ್ತದೆ,
ಎರಡೂವರೆಯ ಹತ್ತಿರ ಸ್ವಲ್ಪ ಬಿಗಿ.

ಸಂಜೆ ಗದ್ದೆಬದುವಿನಲ್ಲಿ ಕೂತು, ಸುಮ್ಮನೆ, ಕಣ್ಣಿಗಿಟ್ಟೆ.
ಕಾಗೆ. ಬೆರ್ಚಪ್ಪನ ಕಿತ್ತ ತೋಳು.
ಆಮೇಲೆ ಹುಚ್ಚಪ್ಪ,
ಎರಡಡಿ ಜಾಗಕ್ಕೆ ಆರು ವರ್ಷದಿಂದ
ನನ್ನ ಮೇಲೆ ಕೇಸು ನಡೆಸುವವ.
ತಿರುಗಿಸಿದೆ. ನಾಲ್ಕು.
ಅವನ ಅಂಗಿಯ ಎರಡನೇ ಗುಂಡಿಯ ಮೇಲೆ
ಅಡ್ಡಗೆರೆ ಉದ್ದಗೆರೆ ಕೂಡಿದವು.
ಗಾಜು ಬಹಳ ಒಳ್ಳೆಯದು: ಕತ್ತಿನ ಬೆವರೂ ಕಂಡಿತು.

ಆಗ ನೋಡಿದೆ,
ನನ್ನ ತೋರುಬೆರಳು
ಬರೀ ಗಾಳಿಯಲ್ಲಿ ಮಡಚಿತ್ತು,
ಅರ್ಧ.

ಹಿಂದಕ್ಕೆ ತಿರುಗಿಸಿದರೆ ಎರಡೂವರೆಯಲ್ಲಿ ಹಿಡಿಯಿತು.
ಒತ್ತಿ ತಿರುಗಿಸಿದೆ. ಒಂದು.
ಹುಚ್ಚಪ್ಪ ಬೆರಳುದ್ದವಾದ. ಸುತ್ತ ಗದ್ದೆ ಬಂತು, ಹಳ್ಳ ಬಂತು,
ಅವನು ಬಗ್ಗಿ ಕರೆಯುತ್ತಿದ್ದ ಎಮ್ಮೆಕರು ಬಂತು.
ಕರು ನಿಂತಿದ್ದು ನನ್ನ ಗದ್ದೆಯಲ್ಲಿ.
ಅಟ್ಟಬೇಕಿತ್ತು. ಅಟ್ಟಲಿಲ್ಲ.

ಮತ ಎಣಿಸಿ ವಾರವಾಯಿತು.
ರಸೀದಿ ಇನ್ನೂ ಜೇಬಿನಲ್ಲೇ ಇದೆ,
ಎರಡು ಸಲ ಒಗೆತಕ್ಕೂ ಹೋಗಿಬಂದಿದೆ.