ತೊಂಬತ್ತೊಂಬತ್ತು

ಮೂವತ್ತೆಂಟು ಮಂದಿ ಸಾಕು ಅಂದಿದ್ದರು ಜಾಲಿಹಾಳ ಮೇಡಂ.
ಚೀಟಿ ಎತ್ತಿ ಓಣಿ ಆರಿಸಿದೆ,
ಓಣಿಯೊಳಗೆ ಮೂರು ಮನೆಗೊಂದು ಮನೆ.
ಕದ ಹಾಕಿದ ಮನೆಯ ಮುಂದೆ ನಿಂತು,
ಬಾರವ್ವ ಚಾ ಕುಡಿ ಎಂದು ಕರೆಯುವ ಪಕ್ಕದ ಮನೆಗೆ
ಹೋಗದೆ ಇರುವುದೇ ಶಾಸ್ತ್ರ ಎಂದು
ಗುಳೇದಗುಡ್ಡದ ಬಿಸಿಲಿನಲ್ಲಿ ಕಲಿತೆ.

ಚೀಲದಲ್ಲಿ ಇಪ್ಪತ್ನಾಲ್ಕು ಪ್ರಶ್ನೆ, ಒಂದೊಂದಕ್ಕೂ ಐದು ಗೂಡು:
ಎಂದೂ ಇಲ್ಲ, ಅಪರೂಪಕ್ಕೆ, ಒಮ್ಮೊಮ್ಮೆ, ಮೇಲಿಂದ ಮೇಲೆ, ಯಾವಾಗಲೂ.
ಒಂಟಿತನ ಅಳೆಯುವ ಪಟ್ಟಿ.
ಇಂಗ್ಲಿಷಿನಿಂದ ಕನ್ನಡಕ್ಕೆ ತಂದು
ಬೇರೊಬ್ಬರ ಕೈಯಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ
ಹೋದದ್ದೇ ಬಂತೋ ಇಲ್ಲವೋ ಎಂದು ನೋಡಿದ್ದೆವು.
ಬಂದಿತ್ತು.
ಮೊದಲ ಮನೆಯಾಕೆ ಕೇಳಿದಳು:
"ಒಂಟಿ ಅಂದ್ರ ಗಂಡಸರು ಕಿವ್ಯಾಗ ಇಡತಾರಲ್ಲ, ಅದನ?"

ಹದಿನೇಳನೆಯ ಮನೆ.
ನಾನು ಹೊಸ್ತಿಲ ಆಚೆ ಇದ್ದಾಗ ಮಗ್ಗದ ಸದ್ದು
ಒಂದು ತೂಕಡಿಕೆ, ಒಂದು ಕೆಮ್ಮು, ಒಂದು ಬೈಗುಳದ ಜತೆ ಬರುತ್ತಿತ್ತು.
ಒಳಗೆ ಹೋಗಿ ಕೂತದ್ದೇ ತಡ
ಸಾಹೇಬರು ಬಂದ ಸಾಲೆಯ ಮಗ್ಗಿಯಂತಾಯಿತು.
ನೋಡಿದರೆ ಬದಲಾಗುತ್ತದೆ, ನೋಡದಿದ್ದರೆ ತಿಳಿಯುವುದಿಲ್ಲ.
ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಉಪಾಯವಿಲ್ಲ.

ಒಪ್ಪಿಗೆ ಪತ್ರ ಓದಿ ಹೇಳಿದೆ:
ನಡುವೆ ಬೇಡ ಅನ್ನಿಸಿದರೆ ಬಿಡಬಹುದು,
ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ.
"ಖಣದ ಮ್ಯಾಲೂ ಬರಂಗಿಲ್ಲ ಬಿಡವಾ,"
ಅಂದವಳೇ ಹೆಬ್ಬೆಟ್ಟು ಒತ್ತಿದಳು.
ಶಾಯಿಗಿಂತ ಮೊದಲೇ ಅದರಲ್ಲಿ ಬಣ್ಣವಿತ್ತು.

ಏಕಾಂತದಲ್ಲಿ ಕೇಳಬೇಕು ಎಂಬುದು ನಿಯಮ.
ಇದ್ದದ್ದೊಂದೇ ಕೋಣೆ.
ಮೂಲೆಯಲ್ಲಿ ಅತ್ತೆ ಕಂಡಿಕಿ ಸುತ್ತುತ್ತಿದ್ದಳು,
ಆರು ಪ್ರಶ್ನೆಗೆ ಆಕೆಯೇ ಉತ್ತರ ಕೊಟ್ಟಳು:
"ಅಕೀಗೇನ ಕಡಿಮಿ ಆಗೇತಿ, ಇಲ್ಲಂತ ಬರಿ."
ಸೊಸೆ ಕುಣಿಯೊಳಗಿಂದ ಕೈಬೆರಳು ತೋರಿಸಿದಳು,
ಸದ್ದಿಲ್ಲದೆ: ಮೂರು. ನಾಲ್ಕು. ಮತ್ತೆ ನಾಲ್ಕು.
ನಾನು ಬೆರಳನ್ನು ಬರೆದುಕೊಂಡೆ.

ಇಪ್ಪತ್ತಮೂರನೆಯದು:
ನನ್ನ ಮನಸ್ಸಿನ ಮಾತು ಕೇಳುವವರು ಯಾರೂ ಇಲ್ಲ.

ಕಾಲು ನಿಂತಿತು. ಲಾಳಿ ಅರ್ಧ ದಾರಿಯಲ್ಲಿ.
ಅತ್ತೆಯ ರಾಟಿಯೂ ನಿಂತಿತು.
ತಲೆಯಾಡಿಸಬಾರದು, ಹುಬ್ಬು ಏರಿಸಬಾರದು,
ಅಯ್ಯೋ ಅನ್ನಬಾರದು, ಉತ್ತರ ಬಾಯಿಗೆ ಇಡಬಾರದು.
ನಾನು ಪೆನ್ನಿನ ಮುಚ್ಚಳ ನೋಡಿದೆ.
"ಮುಂದಿಂದ ಕೇಳ," ಅಂದಳು.
ಬೆರಳು ಏಳಲಿಲ್ಲ.

ಬಾಗಲಕೋಟೆಯ ಕಂಪ್ಯೂಟರಿನಲ್ಲಿ
ಖಾಲಿ ಗೂಡಿಗೆ ತೊಂಬತ್ತೊಂಬತ್ತು ತುಂಬಬೇಕು,
ತುಂಬಿ, ಇದು ಅಂಕೆಯಲ್ಲ, ಖಾಲಿ ಎಂದು
ಯಂತ್ರಕ್ಕೆ ಹೇಳಬೇಕು. ಹೇಳಲು ಮರೆತೆ.
ಆ ಪ್ರಶ್ನೆಯ ಸರಾಸರಿ ನಾಲ್ಕು ದಶಾಂಶ ಒಂಬತ್ತು:
ಊರಿಗೆ ಊರೇ ಯಾವಾಗಲೂ, ಯಾವಾಗಲೂ ಅನ್ನುತ್ತಿತ್ತು.
ಸುಳ್ಳೇಕೆ, ಖುಷಿಯಾಯಿತು.
ಹುಡುಕಿ ಹೋದದ್ದು ಸಿಕ್ಕಿತು ಎಂದು
ಅರ್ಧ ಗಂಟೆ ಮೈಯೆಲ್ಲ ಬಿಸಿ.

ಮೇಡಂ ಕನ್ನಡಕ ಏರಿಸಿದರು:
"ಐದರ ಪಟ್ಟಿಯೊಳಗ ತೊಂಬತ್ತೊಂಬತ್ತು ಯಾರ ಕೊಟ್ರು?"

ಯಾರೂ ಕೊಡಲಿಲ್ಲ.
ಒಬ್ಬಳ ಸುಮ್ಮನಿರುವಿಕೆ
ಮೂವತ್ತೇಳು ಮಂದಿಯ ಮಾತನ್ನು ಎತ್ತಿ ಹಿಡಿದಿತ್ತು.
ಅದನ್ನು ಕೆಳಗಿಳಿಸಿದೆವು. ಎರಡು ದಶಾಂಶ ನಾಲ್ಕು.
ಅಪರೂಪಕ್ಕೂ ಒಮ್ಮೊಮ್ಮೆಗೂ ನಡುವೆ ಎಲ್ಲೋ.

ಕಂಡಿಕಿ ಸುತ್ತುವವರಲ್ಲಿ ಒಂಟಿತನ ಹೆಚ್ಚು, ಆದ್ದರಿಂದ,
ಎಂದು ಬರೆದಿದ್ದೆ.
ಕೆಂಪು ಪೆನ್ನು "ಆದ್ದರಿಂದ" ಹೊಡೆದು
"ಜೊತೆಗೆ" ಅಂತ ಬರೆಯಿತು.
ಎರಡು ಒಂದೇ ಓಣಿಯಲ್ಲಿ ಇದ್ದ ಮಾತ್ರಕ್ಕೆ
ಒಂದು ಇನ್ನೊಂದರ ಮಗಳಲ್ಲ.

ಪ್ರಬಂಧದ ನಾಲ್ಕನೆಯ ಕೋಷ್ಟಕದಲ್ಲಿ
ಎಲ್ಲ ಸಾಲಿಗೂ ಮೂವತ್ತೆಂಟು,
ಆ ಒಂದಕ್ಕೆ ಮಾತ್ರ ಮೂವತ್ತೇಳು.
ಹೊರಗಿನಿಂದ ಬಂದ ಪರೀಕ್ಷಕರು ಬೆರಳಿಟ್ಟರು,
"ಇಲ್ಲೊಬ್ಬರು ಎಲ್ಲಿ ಹೋದರಮ್ಮ?"

ಎಲ್ಲೂ ಹೋಗಿಲ್ರಿ ಸರ್.
ಅಲ್ಲೇ ಅದಾರ.