ಅಂತ

ಹಲ್ ಎಂಬ ಈ ಬಂದರಿನ ಊರಲ್ಲಿ
ನವೆಂಬರಿಗೆ ನಾಲ್ಕು ಗಂಟೆಗೇ ಕತ್ತಲು.
ಆಲ್ಫ್ ಗಾರ್ಬಟ್ ಬಂದ, ಎಂಬತ್ತರ ಹತ್ತಿರದ ಆಸಾಮಿ,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಡಬ್ಬಿಯ ತುಂಬ ಕಾದಂಬರಿ,
ಗೀಟಿನ ಕಾಗದ, ನೀಲಿ ಬಾಲ್‌ಪೆನ್ನು,
ಮೀನುಹಡಗಿನ ಕಥೆ.
‘ತಿದ್ದಿಕೊಡು ಲವ್. ಸ್ಕೂಲು ಬಿಟ್ಟಿದ್ದು ಹದಿನೈದಕ್ಕೆ.
ಈ ಚುಕ್ಕಿ ಕೊಕ್ಕೆ ನನಗೆ ಬಗ್ಗವು.’

ಬಗ್ಗಿಲ್ಲ, ನಿಜ. ಅವನ ಪುಟದಲ್ಲಿ
ಸ್ಕಿಪ್ಪರು, ಅಡಿಗೆಯವ, ಡೆಕ್ಕಿನ ಹುಡುಗ
ಒಂದೇ ಪ್ಯಾರಾದಲ್ಲಿ ಒತ್ತೊತ್ತಿ ನಿಂತು
ಒಬ್ಬನ ಬಾಯಲ್ಲಿ ಇನ್ನೊಬ್ಬನ ಬೈಗುಳ.
ಕೆಂಪು ಪೆನ್ನು ಹಿಡಿದು ಶುರು ಮಾಡಿದೆ:
ಆಳು ಬದಲಾದರೆ ಸಾಲು ಬದಲು.
ಹೊಸಬ ಬಾಯಿ ತೆರೆದರೆ ಒಂದು ಹೆಜ್ಜೆ ಒಳಗಿಂದ.
ಅಲ್ಪವಿರಾಮವನ್ನು ಕೊಕ್ಕೆಯೊಳಗೆ ಕರೆದುಕೋ,
ಪಾಪ, ಚಳಿಗೆ ಹೊರಗೆ ನಿಲ್ಲಿಸಬೇಡ.
ಆಮೇಲೆ ಈ ಗರ್ಜಿಸಿದ, ಚೀರಿದ, ಅಬ್ಬರಿಸಿದ, ಇವೆಲ್ಲ...
‘ಅದ್ಯಾವುದೂ ನಾನು ಬರೆದೇ ಇಲ್ಲವಲ್ಲ.’
ಪುಟ ತಿರುವಿದೆ. ಹೌದು.
ಅಂದ. ಅಂದ. ಅಂದ.
ಬಿರುಗಾಳಿಯಲ್ಲೂ ಬರೀ ಅಂದ.

ನನಗೇ ಈ ಕೊಕ್ಕೆಗಳು ಒಗ್ಗಿದ್ದು ತಡವಾಗಿ.
ಗಂಗಾವತಿಯ ನಮ್ಮ ಓಣಿಯ ಈರಮ್ಮ
ನಳದ ಮುಂದಿನ ಜಗಳ ಹೇಳುತ್ತಿದ್ದದ್ದು ಹೀಗೆ:
ಕೊಡ ತೆಗಿ ಅಂದ್ಲಂತ ಆಕಿ, ನಿಮ್ಮಪ್ಪಂದೇನ ನಳ ಅಂದ್ಲಂತ ಈಕಿ,
ಅಪ್ಪನ ಸುದ್ದಿಗೆ ಬರಬ್ಯಾಡ ಅಂತ ಆಕಿ ಅಂದ್ಲು ಅಂತ
ಇವರತ್ತಿ ಅಂದ್ರಂತ.
ನಾಲ್ಕು ಬಾಯಿ, ಒಂದೇ ಉಸಿರು, ಒಂದೂ ಕೊಕ್ಕೆಯಿಲ್ಲ,
ಆದರೂ ಯಾರ ಕೊಡ ಯಾರ ಕಾಲಮೇಲೆ ಬಿತ್ತೆಂದು
ಓಣಿಗೆಲ್ಲ ಗೊತ್ತು.
ಗೋಡೆಯಿಲ್ಲದ ಮನೆಗೂ ಅಗುಳಿಯೊಂದಿತ್ತು, ಅಂತ.
ಮಾತು ಒಳಗಾಯಿತು, ಚಿಲಕ ಬಿತ್ತು.

ಇದನ್ನು ಆಲ್ಫನಿಗೆ ಹೇಳಿದೆ, ಹೇಳಲು ಬಂದಷ್ಟು.
ಅವನು ಚಹಾ ಊದುತ್ತ ಯೋಚಿಸಿದ.
‘ಹಡಗಿನ ರೇಡಿಯೋದವರಿಗೂ ಇತ್ತು ಅಂಥದೊಂದು. ಓವರ್.
ನನ್ನದಾಯಿತು, ಇನ್ನು ನಿನ್ನದು.’
ಅಡಿಗೆಮನೆಯ ರೇಡಿಯೋ ತಿರುಪಿದರೆ ಆಗೆಲ್ಲ
ಹಡಗಿನ ಮಾತು ಕೇಳುತ್ತಿತ್ತಂತೆ.
ಹೆಂಗಸರು ಆಲೂಗಡ್ಡೆ ಸುಲಿಯುತ್ತ
ಗರಗರದ ನಡುವೆ ತಮ್ಮವರ ದನಿ ಹೆಕ್ಕುತ್ತಿದ್ದರಂತೆ.
(ನೋಡಿ, ನನ್ನಿಂದಲೂ ‘ಅಂತೆ’ ಬಿಡಲಾಗಲಿಲ್ಲ.)

ಪುಟ ಇನ್ನೂರ ಹನ್ನೊಂದು.
ಹಗ್ಗ ಕಂಬಗಳ ಮೇಲೆ ಹಿಮ ಕಟ್ಟಿ ಹಡಗು ಭಾರ,
ಕೊಡಲಿ ಹಿಡಿದು ಕಡಿಯುತ್ತಿದ್ದಾರೆ ಎಲ್ಲರೂ.
ಅಣ್ಣ ಕ್ಲಿಫ್ ಮೈಕು ಹಿಡಿದಿದ್ದಾನೆ:

‘ಅಮ್ಮನಿಗೆ ಹೇಳಿ, ಸ್ವಲ್ಪ ಬಲಕ್ಕೆ ವಾಲಿದ್ದೇವೆ, ಅಷ್ಟೆ, ಆಮೇಲೆ

ಅಲ್ಲಿಂದ ಕೆಳಗೆ ಕಾಗದ ಖಾಲಿ.
ನನ್ನ ಪೆನ್ನು ರೂಢಿಯಿಂದ ಇಳಿಯಿತು.
ಮಾತು ಬತ್ತಿದರೆ ಮೂರು ಚುಕ್ಕಿ, ಕಡಿದರೆ ಅಡ್ಡಗೆರೆ,
ಯಾವುದು ಹೇಳು ಆಲ್ಫ್.
ಎರಡರಲ್ಲಿ ಯಾವುದಾದರೂ ಕೊಕ್ಕೆ ಮುಚ್ಚಲೇಬೇಕು,
ಇಲ್ಲದಿದ್ದರೆ ಮುಂದಿನದೆಲ್ಲ ಅವನದೇ ಮಾತಾಗುತ್ತದೆ,
ಮುಂದಿನ ಅಧ್ಯಾಯ, ನಿನ್ನ ಮದುವೆ, ಬಂದರು ಮುಚ್ಚಿದ್ದು,
ಹಿಂಬದಿಯ ರಟ್ಟು, ಎಲ್ಲ.

ಅವನು ಕಪ್ಪು ಕೆಳಗಿಟ್ಟ.
‘ಅವ ಓವರ್ ಅನ್ನಲಿಲ್ಲ’ ಅಂದ.

ಆಗಲೇ ಎಳೆದಿದ್ದೆ ಒಂದು ಕೆಂಪು ಕೊಕ್ಕೆ, ಸಣ್ಣದು.
ಇದ್ದದ್ದು ಇದ್ದ ಹಾಗೇ ಇರಲಿ ಎನ್ನಲು
ನಮ್ಮ ಕಸುಬಿನಲ್ಲಿ ಅಡಿಗೆ ಚುಕ್ಕಿಸಾಲು ಇಡುತ್ತೇವೆ.
ಇಟ್ಟೆ. ಕೈ ಸ್ವಲ್ಪ ಸೊಟ್ಟಗಾಯಿತು.

ಬಾಗಿಲಲ್ಲಿ ಟೋಪಿ ಹುಡುಕುತ್ತ ಕೇಳಿದ,
ಏನದು ನಿಮ್ಮವರ ಪದ, ಚಿಲಕದ್ದು?
ಅಂತ, ಅಂದೆ.
ಕೊನೆ ಎಂಬ ಅರ್ಥವೂ ಅದಕ್ಕುಂಟೆಂದು ಹೇಳಲಿಲ್ಲ.
‘ಆಂಟಾ’ ಅಂದ, ಬಾಯಲ್ಲಿ ಹೊರಳಿಸಿ, ‘ಆಂಟಾ.’
ಟ ಅಲ್ಲ, ತ, ಅಂತ ತಿದ್ದಲು ಹೋಗಿ
ಬಿಟ್ಟೆ.