ಪಾಕ

ಬೈದಿದ್ದರೆ ವಾಸಿಯಿತ್ತು.
ಅಣ್ಣ ಜ್ಞಾನಪ್ರಕಾಶ ಹುಣಸೂರಿನಿಂದ
ಅರ್ಧ ಬೆಲೆಗೆ ಸಿಕ್ಕಿತೆಂದು ಒಂದು ಹೊರೆ ಎಲೆ ತಂದು
ಜಗುಲಿಗೆ ಇಳಿಸಿದಾಗ
ಅಪ್ಪ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು,
ನರ ನೋಡಿದರು, ಮೂಸಿದರು,
ಆಮೇಲೆ ಅದನ್ನು ಅಣ್ಣನ ಚಪ್ಪಲಿಯ ಮೇಲೆ ಇಟ್ಟರು,
ಮೆತ್ತಗೆ.

ಮಂಡಿ ಮೊಹಲ್ಲಾದ ಈ ಗಲ್ಲಿಯಲ್ಲಿ ನಾವು ಚುಟ್ಟದವರು.
ಅಂಚೆಯವನೂ ಹೆಸರು ಓದುವುದಿಲ್ಲ,
'ಚುಟ್ಟದ ಮನೇ' ಎಂದು ಕೂಗಿ ಕಾಗದ ಎಸೆಯುತ್ತಾನೆ.
ತಾತ ಸವರಿಮುತ್ತು ಉರೈಯೂರಿನಿಂದ ಬರುವಾಗ ತಂದದ್ದು
ಒಂದು ಹಲಗೆ, ಒಂದು ಬಾಗಿದ ಚಾಕು, ಮಾತೆಯ ಪಟ,
ಮತ್ತೆ ಎಲೆಗೆ ಚಿಮುಕಿಸುವ ಪಾಕದ ಗುಟ್ಟು:
ತಾಳೆಬೆಲ್ಲ, ಕೊಳೆತ ಬಾಳೆಹಣ್ಣು, ಏಲಕ್ಕಿ ಸಿಪ್ಪೆ,
ಇನ್ನೂ ಏನೋ ಒಂದು, ಬಾಯಿಬಿಟ್ಟು ಹೇಳದ್ದು.

ಹೆಣ್ಣುಮಕ್ಕಳಿಗೆ ಚಾಕು ಕೊಡುವುದಿಲ್ಲ ನಮ್ಮಲ್ಲಿ.
ನರ ಬಿಡಿಸಬಹುದು, ಇಪ್ಪತ್ತೈದರ ಕಟ್ಟು ಕಟ್ಟಬಹುದು,
ಒಲೆಯ ಮುಂದೆ ಪಾಕ ತಿರುವಬಹುದು.
ಮೇಲಿನ ಸುತ್ತು ಕಲಿತರೆ
ಕೊಟ್ಟ ಮನೆಗೆ ಕಸುಬು ಒಯ್ಯುತ್ತೇವಂತೆ.
ನಾನು ಕೊಟ್ಟ ಮನೆಯಿಂದ ಮೂರೇ ವರ್ಷಕ್ಕೆ ವಾಪಸ್ಸು ಬಂದೆ.
ಚಾಕು ಬರಲಿಲ್ಲ.

ಅಪ್ಪ ಲೆಕ್ಕ ಮಾಡುವುದು ತಮಿಳಲ್ಲಿ, ಸಿಟ್ಟಾಗುವುದು ಕನ್ನಡದಲ್ಲಿ.
ಆವತ್ತು ತಮಿಳಲ್ಲಿ ಸಿಟ್ಟಾದರು.
ಇದು ಸಿಗರೇಟಿನ ಎಲೆ, ಇದಕ್ಕೆ ನಮ್ಮ ಪಾಕ ಹತ್ತುವುದಿಲ್ಲ,
ಆ ಪಾಕದಲ್ಲಿ ಊರಿದೆ ಕಣೋ, ಊರು.
ಅಣ್ಣ ಕನ್ನಡದಲ್ಲೇ ನಿಂತ:
'ಹುಟ್ಟಿದ್ದು ಇಲ್ಲಿ. ನಾಳೆ ಹೂಳೋದೂ ಇಲ್ಲೇ.
ಎಲೆ ಮಾತ್ರ ಯಾಕೆ ದಿಂಡಿಗಲ್ಲಿಂದ ಬರಬೇಕು?'
ಚರ್ಚಿನ ಗಂಟೆ ಹೊಡೆಯಿತು. ಇಬ್ಬರೂ ಶಿಲುಬೆ ಗುರುತು ಹಾಕಿಕೊಂಡರು,
ಒಂದೇ ಸಲ, ಬೇರೆ ಬೇರೆ ದಿಕ್ಕು ನೋಡುತ್ತ.
ಅಣ್ಣ ಊಟ ಮಾಡದೆ ಹೊರಟ.

ರಾತ್ರಿ ಅಜ್ಜಿಯ ಕಾಲು ಒತ್ತುತ್ತಿದ್ದೆ.
ಅಡೈಕಲಮ್ಮನ ಕಾಲು, ಎರಡು ಒಣ ಸೌದೆ.
'ಊರಂತೆ ಊರು' ಎಂದಳು ಗೋಡೆಗೆ.
'ಆ ಬೆಲ್ಲ ಬರೋದು ನಿಂತು ಮೂವತ್ತು ವರ್ಷ ದಾಟಿತು.
ಕಾವೇರಿ ಗಲಾಟೆಯ ವರ್ಷ, ಲಾರಿ ಇಲ್ಲ.
ಬಾಗಿಲು ಹಾಕಿಕೊಂಡು ಹನ್ನೊಂದು ದಿನ
ಪಿಸುಮಾತಲ್ಲಿ ಬದುಕಿದೆವು. ನೀನು ಅತ್ತರೂ ಬಾಯಿ ಮುಚ್ಚುತ್ತಿದ್ದೆ.
ಹನ್ನೆರಡನೇ ದಿನ ಡಬ್ಬ ಖಾಲಿ.
ಸೆರಗು ಹೊದ್ದು ನಾನೇ ಅಂಗಡಿಗೆ ಹೋದೆ.
ಬಾಯಿ ಬಿಟ್ಟರೆ ನನ್ನ ಕನ್ನಡ ಸಿಕ್ಕಿಬೀಳುತ್ತಿತ್ತು,
ಬೆರಳು ತೋರಿಸಿದೆ. ಮಂಡ್ಯದ ಅಚ್ಚುಬೆಲ್ಲ.
ಪಾಪ, ಮೂಕಿ ಅಂದುಕೊಂಡು ಒಂದಚ್ಚು ಹೆಚ್ಚಿಗೆ ಕೊಟ್ಟ.'

'ತಾತನಿಗೆ ಗೊತ್ತಾಗಲಿಲ್ಲವಾ?'

'ಸೇದಿ ಕಣ್ಣು ಮುಚ್ಚಿದರು.
ಊರಿನ ಹೊಳೆ ನೆನಪಾಯಿತು ಅಂದರು.'
ಅಜ್ಜಿ ನಕ್ಕಳೋ ಕೆಮ್ಮಿದಳೋ.
'ಹೊಳೆ ಒಂದೇ ಅಲ್ಲವೇನೆ. ಸುಳ್ಳೇನು ಹೇಳಲಿಲ್ಲ ಅವರು.'

ಎಲ್ಲರೂ ಮಲಗಿದ ಮೇಲೆ ಜಗುಲಿಗೆ ಬಂದೆ.
ಹುಣಸೂರಿನ ಎಲೆ ಇಬ್ಬನಿಗೆ ಮೆದುವಾಗಿತ್ತು.
ಒಂದರ ನರ ಬಿಡಿಸಿ, ಪಾಕ ಚಿಮುಕಿಸಿ,
ಹಲಗೆಯ ಮುಂದೆ ಅಪ್ಪ ಕೂತು ಕೂತು ತಗ್ಗಾದ ಜಾಗದಲ್ಲಿ ಕೂತೆ.
ಚಾಕು ನನ್ನ ಕೈಗೆ ಸ್ವಲ್ಪ ದೊಡ್ಡದು.
ಮೊದಲನೆಯದು ಸೊಟ್ಟ. ಎರಡನೆಯದೂ.
ಮೂರನೆಯದನ್ನು ಅಪ್ಪನ ತಟ್ಟೆಯಲ್ಲಿಟ್ಟು
ಎದೆ ಹೊಡೆದುಕೊಳ್ಳುತ್ತ ಮಲಗಿದೆ.

ಬೆಳಿಗ್ಗೆ ಅದರಲ್ಲಿ ಅರ್ಧ ಸೇದಿ,
ಗೋಡೆಗೆ ಒತ್ತಿ ಆರಿಸಿ, ಉಳಿದರ್ಧ ಕಿವಿಗೆ ಸಿಕ್ಕಿಸಿಕೊಂಡರು.
'ತುದಿ ಬಿಗಿಯಾಗಿಲ್ಲ' ಎಂದರು, ಯಾರಿಗೆಂದು ಹೇಳದೆ.

ಹಿಡಿ ಒರೆಸುವುದು ನನಗೆ ಮರೆತೇ ಹೋಗಿತ್ತು.
ಚಾಕುವಿನ ತುಂಬ ಇರುವೆ.
ಅಪ್ಪ ಅದನ್ನು ಬಾಗಿಲ ಬಿಸಿಲಿಗೆ ಒಯ್ದು,
ಒಂದನ್ನೂ ಒರೆಸದೆ,
ಊದುತ್ತ ಕೂತರು.